ಸಂಧಿವಾತ ಇದ್ದವರ ತೋಳು-ತೊಡೆ ಸೊರಗದಂತೆ ನೋಡಿಕೊಳ್ಳುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದು ವಯಸ್ಸಾಗಿ ಮಂಡಿ ಸವೆದವರ ಬಗ್ಗೆ ಅಲ್ಲ. ಡಾಕ್ಟರು ಚೀಟಿಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಬರೆದುಕೊಟ್ಟವರಿಗೆ, ಬೆಳಿಗ್ಗೆ ಎದ್ದು ತಾಸುಗಟ್ಟಲೆ ಬೆರಳು ಮಡಚಲು ಬರದೆ ಬಿಸಿನೀರಿನಲ್ಲಿ ಕೈ ಅದ್ದಿ ಕೂಡುವವರಿಗೆ, ಮತ್ತು ಅವರ ಮನೆಮಂದಿಗೆ. ಆ ಉದ್ದ ಹೆಸರಿನ ಬದಲು ಸಂಧಿವಾತ ಅಂತಲೇ ಬರೆಯುತ್ತೇನೆ.

ಸಂಧಿವಾತ ಅಂದ ಕೂಡಲೇ ಎಲ್ಲರ ಕಣ್ಣೂ ಕೀಲಿನ ಮೇಲೆ. ಬೆರಳು ಊದಿದೆಯಾ, ಮಣಿಕಟ್ಟು ಬಿಸಿ ಇದೆಯಾ, ಮಂಡಿ ಮಡಚಲು ಬರುತ್ತಾ. ಕೀಲಿನ ಪಕ್ಕದ ಮಾಂಸಖಂಡ ಸದ್ದಿಲ್ಲದೆ ಕರಗುತ್ತಿರುತ್ತದೆ, ಅದನ್ನು ಕೇಳುವವರಿಲ್ಲ. ಆಮೇಲೊಂದು ದಿನ ನೋವು ಹತೋಟಿಗೆ ಬರುತ್ತದೆ, ರಕ್ತದ ರಿಪೋರ್ಟೂ ಚಲೋ ಬರುತ್ತದೆ, ಆದರೂ ನೆಲದಿಂದ ಏಳಲು ಯಾರಾದರೂ ಕೈ ಹಿಡಿಯಬೇಕು. ಆಗ ಎಲ್ಲರಿಗೂ ಆಶ್ಚರ್ಯ.

ತೂಕದ ಕಾಟಾ ನಂಬಬೇಡಿ

ಇಳಕಲ್ಲಿನಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಮಗ್ಗದ ಮನೆ. ವರ್ಷಾನುಗಟ್ಟಲೆ ಕಂಡಿಕೆ ಸುತ್ತಿದ ಕೈ ಅವಳದ್ದು. ಹಬ್ಬಕ್ಕೆ ಬಳೆ ಇಡಿಸಿಕೊಳ್ಳುವಾಗ ಬಳೆಗಾರ ಒದ್ದಾಡಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬೆರಳಿನ ಬುಡದ ಗಂಟು ಊದಿರುವುದರಿಂದ ಮೊದಲಿನ ಅಳತೆಯ ಬಳೆ ಕೈಯೊಳಗೆ ಹೋಗುವುದೇ ಇಲ್ಲ, ಒಂದು ಸೈಜ್ ದೊಡ್ಡದು ತೆಗೆಯಬೇಕು. ಗಂಟು ದಾಟಿದ ಮೇಲೆ ಅದೇ ಬಳೆ ಸರ್ರನೆ ಮೊಣಕೈವರೆಗೆ ಜಾರುತ್ತದೆ. ಮುಂಗೈಯಲ್ಲಿ ಹಿಡಿದು ನಿಲ್ಲಿಸುವಷ್ಟು ಮಾಂಸವೇ ಉಳಿದಿಲ್ಲ. ಹೆಬ್ಬೆರಳು-ತೋರುಬೆರಳಿನ ನಡುವೆ ಕೈ ಹಿಂಬದಿ ಒಂದು ಉಬ್ಬು ಇರುತ್ತದಲ್ಲ, ಅಲ್ಲಿ ಅವಳಿಗೆ ಕುಳಿ ಬಿದ್ದಿತ್ತು. ಮನೆಯವರು ಮಾತ್ರ "ತೂಕ ಏನೂ ಕಡಿಮಿ ಆಗಿಲ್ಲ ಬಿಡ್ರಿ, ಚಲೋ ಅದಾಳ" ಅಂತಿದ್ದರು.

ತೂಕ ಕಡಿಮೆ ಆಗಿರಲಿಲ್ಲ, ಅದು ನಿಜ. ಸಂಧಿವಾತದಲ್ಲಿ ಮೋಸ ಇರುವುದೇ ಅಲ್ಲಿ. ಮಾಂಸಖಂಡ ಕರಗಿದ ಜಾಗದಲ್ಲಿ ಕೊಬ್ಬು ಬಂದು ಕೂಡುತ್ತದೆ, ಹೊಟ್ಟೆ-ಸೊಂಟದ ಸುತ್ತ ಜಾಸ್ತಿ, ಹಾಗಾಗಿ ಕಾಟಾ ಮೇಲೆ ನಿಂತರೆ ಹಳೇ ಅಂಕಿಯೇ ಬರುತ್ತದೆ, ಕೆಲವರಿಗೆ ಎರಡು ಕೆಜಿ ಏರಿಯೂ ಇರುತ್ತದೆ. ಕ್ಯಾನ್ಸರ್, ಟಿಬಿ ಬಂದವರು ಒಣಗುವುದು ಎಲ್ಲರಿಗೂ ಕಾಣುತ್ತದೆ. ಇದು ಹಾಗೆ ಕಾಣುವುದಿಲ್ಲ.

ಹೀಗೇಕೆ ಆಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಸಂಧಿವಾತ ಕೀಲಿನ ರೋಗ ಅಷ್ಟೇ ಅಲ್ಲ, ಮೈಯಲ್ಲೆಲ್ಲ ಉರಿಯೂತ ಇರುತ್ತದೆ. ನಮ್ಮ ರಕ್ಷಣಾ ಪಡೆಯೇ ದಾರಿ ತಪ್ಪಿ ನಮ್ಮ ಮೇಲೆ ತಿರುಗಿಬಿದ್ದಿರುತ್ತದೆ. ಅದು ಹೊರಹಾಕುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಅನ್ನುವ ರಾಸಾಯನಿಕಗಳು ಮಾಂಸಖಂಡದ ಪ್ರೋಟೀನ್ ಒಡೆಯುವುದನ್ನು ಜೋರು ಮಾಡುತ್ತವೆ, ಹೊಸದು ಕಟ್ಟುವುದನ್ನು ನಿಧಾನ ಮಾಡುತ್ತವೆ. ಸುಮ್ನೆ ಮಲಗಿದ್ದರೂ ಮೈ ಜಾಸ್ತಿ ಶಕ್ತಿ ಸುಡುತ್ತದೆ. 1994ರಲ್ಲಿ ಅಮೆರಿಕದ ಸಂಶೋಧಕರು ಸಂಧಿವಾತದವರನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡಿದ್ದರು. ರೋಗಿಗಳಲ್ಲಿ ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿ ಶೇ 12ರಷ್ಟು ಹೆಚ್ಚಿತ್ತು, ಮಾಂಸಖಂಡ ಮುಖ್ಯವಾಗಿರುವ ಜೀವಕೋಶಗಳ ಒಟ್ಟು ತೂಕ ಶೇ 13ರಷ್ಟು ಕಡಿಮೆ ಇತ್ತು. ಮನೆ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ ಇದು.

ಇನ್ನೂ ಎರಡು ಸೇರಿಕೊಳ್ಳುತ್ತವೆ. ಮಂಡಿಯಲ್ಲಿ ನೀರು ತುಂಬಿ ಊದಿದಾಗ ತೊಡೆಯ ಮುಂಭಾಗದ ದೊಡ್ಡ ಮಾಂಸಖಂಡಕ್ಕೆ ನರಗಳ ಕಡೆಯಿಂದಲೇ ತಡೆ ಬೀಳುತ್ತದೆ, ನೀವು ಎಷ್ಟು ಮನಸ್ಸು ಮಾಡಿದರೂ ಅದು ಪೂರ್ತಿ ಬಿಗಿಯುವುದಿಲ್ಲ, ಹೀಗಾಗಿ ವಾರಗಳಲ್ಲೇ ತೊಡೆ ಸಣ್ಣಗಾಗಲು ಶುರುವಾಗುತ್ತದೆ. ಇನ್ನೊಂದು ನಮ್ಮ ಪ್ರೀತಿ. "ಅತ್ತಿ, ನೀವು ಸುಮ್ನ ಕೂಡ್ರಿ, ನಾ ಮಾಡ್ತೀನಿ." ಸೊಸೆ ಒಳ್ಳೆಯವಳೇ, ಮಾತೂ ಒಳ್ಳೆಯದೇ. ಆದರೆ ಅತ್ತೆ ಆರು ತಿಂಗಳು ಸುಮ್ನೆ ಕೂತರೆ ತೊಡೆಯಲ್ಲಿದ್ದ ಬಲವೂ ಹೋಗುತ್ತದೆ. ನನ್ನನ್ನು ಕೇಳಿದರೆ ಸಂಧಿವಾತದ ಮನೆಗಳಲ್ಲಿ ಮೊದಲು ಬದಲಾಗಬೇಕಾದದ್ದು ಇದೇ.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ

ಒಂದು ಗಟ್ಟಿ ಕುರ್ಚಿ ಗೋಡೆಗೆ ಒತ್ತಿಡಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ಎರಡೂ ಕೈ ಎದೆಗೆ ಕಟ್ಟಿಕೊಂಡು, ಕೈ ಊರದೆ, ಐದು ಸಲ ಪೂರ್ತಿ ಎದ್ದು ನಿಂತು ಕೂಡಬೇಕು. ಮೊಬೈಲಿನಲ್ಲಿ ಟೈಮ್ ಹಚ್ಚಿಕೊಂಡು ಒಬ್ಬರು ಪಕ್ಕದಲ್ಲೇ ನಿಂತಿರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕಡಿಮೆ ಅಂತ ಲೆಕ್ಕ. ಇದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ನಮ್ಮಂಥವರ ಮೈಕಟ್ಟಿಗೆ ಹೊಂದುವಂತೆ ಇಟ್ಟ ಅಳತೆ. ಮಂಡಿ ನೋವಿದ್ದರೂ ಟೈಮ್ ಜಾಸ್ತಿ ಆಗುತ್ತದೆ, ಆದ್ದರಿಂದ ಒಂದೇ ದಿನದ ಅಂಕಿ ನೋಡಿ ಗಾಬರಿಯಾಗಬೇಡಿ. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ, ಮುಂದಿನ ತಿಂಗಳು ಅದೇ ಕುರ್ಚಿ, ಅದೇ ಹೊತ್ತು, ಮತ್ತೆ ನೋಡಿ. ಬೆಳಿಗ್ಗೆ ಬಿಗಿ ಇರುವಾಗ ಒಮ್ಮೆ, ಸಂಜೆ ಒಮ್ಮೆ ಮಾಡಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಏಳುವ ರೀತಿಯನ್ನೂ ಗಮನಿಸಿ. ಬಲ ಕಡಿಮೆಯಾದವರು ಮೊದಲು ಕುರ್ಚಿಯ ತುದಿಗೆ ಸರಿಯುತ್ತಾರೆ, ಮುಂದೆ ಬಾಗುತ್ತಾರೆ, ಅಂಗೈಯಿಂದ ತೊಡೆ ಒತ್ತಿಕೊಂಡು ಮೇಲೇಳುತ್ತಾರೆ, ಕೊನೆಗೆ ಕೂಡುವಾಗ ಧಪ್ಪನೆ ಬೀಳುತ್ತಾರೆ. ಆ ಧಪ್ಪನೆ ಬೀಳುವುದು ಬಹಳ ಹೇಳುತ್ತದೆ. ಮೈಯನ್ನು ನಿಧಾನಕ್ಕೆ ಇಳಿಸುವುದೂ ತೊಡೆಯ ಕೆಲಸವೇ, ಅದು ಕೈಕೊಟ್ಟಾಗಲೇ ಹಾಗೆ ಬೀಳುವುದು.

ದರ್ಜಿ ಟೇಪಿದ್ದರೆ ಮೀನಖಂಡ ಅತಿ ದಪ್ಪ ಇರುವ ಕಡೆ ಸುತ್ತಳತೆ ತೆಗೆಯಿರಿ. ಹೆಂಗಸರಿಗೆ 33 ಸೆಂಟಿಮೀಟರ್, ಗಂಡಸರಿಗೆ 34ಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ಹೇಳುವ ವಿಷಯ. ಕಾಲು ಬಾವು ಬಂದಿದ್ದರೆ ಈ ಅಳತೆಗೆ ಅರ್ಥ ಇಲ್ಲ. ಆಸ್ಪತ್ರೆಯಲ್ಲಿ ಹಿಡಿತದ ಬಲ ಅಳೆಯುವ ಯಂತ್ರ ಇರುತ್ತದೆ, ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಅಂದರೆ ಕಡಿಮೆ ಬಲ. ಆದರೆ ಬೆರಳೇ ಊದಿರುವವರಲ್ಲಿ ಅದು ನೋವನ್ನೂ ಸೇರಿಸಿ ಅಳೆಯುತ್ತದೆ, ಅದಕ್ಕೇ ನನಗೆ ಕುರ್ಚಿ ಪರೀಕ್ಷೆ ಮೇಲೆ ನಂಬಿಕೆ ಜಾಸ್ತಿ.

ಮೊದಲು ಔಷಧ ಸರಿಯಾಗಲಿ

ಉರಿಯೂತ ಹಾಗೇ ಉರಿಯುತ್ತಿದ್ದರೆ ನೀವು ಎಷ್ಟು ತಿಂದರೂ, ಎಷ್ಟು ವ್ಯಾಯಾಮ ಮಾಡಿದರೂ ಅರ್ಧ ಫಲ. ಬರೀ ನೋವಿನ ಗುಳಿಗೆ ನುಂಗುತ್ತಾ ವರ್ಷ ದೂಡುವುದು ದೊಡ್ಡ ನಷ್ಟ, ಯಾಕೆಂದರೆ ಅದು ನೋವು ಮುಚ್ಚುತ್ತದೆ ಅಷ್ಟೇ, ರೋಗ ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ರೋಗವನ್ನೇ ತಗ್ಗಿಸುವ ಔಷಧ ಬೇರೆ. ಅದರಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಮೆಥೋಟ್ರೆಕ್ಸೇಟ್.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ತಪ್ಪಿ ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಚೀಟಿ ಓದಲು ಬಾರದ ಹಿರಿಯರಿದ್ದರೆ ಆ ಗುಳಿಗೆ ಮನೆಯಲ್ಲಿ ಬೇರೊಬ್ಬರ ಕೈಯಲ್ಲಿರಲಿ, "ಸೋಮವಾರ" ಅಂತಲೋ "ಗುರುವಾರ" ಅಂತಲೋ ಡಬ್ಬಿಯ ಮೇಲೆ ದಪ್ಪಗೆ ಬರೆದಿಡಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬೇರೆ ಗುಳಿಗೆ, ಡಾಕ್ಟರು ಹೇಳಿದ ದಿನ ಅದನ್ನು ಬಿಡದೆ ತೆಗೆದುಕೊಳ್ಳಬೇಕು. ಹೇಳಿದ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಬೇಕು. ಮಕ್ಕಳು ಬೇಕು ಅಂತಿರುವ ಹೆಣ್ಣುಮಕ್ಕಳು ಡಾಕ್ಟರಿಗೆ ಮುಂಚೆಯೇ ಹೇಳಬೇಕು, ಈ ಔಷಧ ಬಸಿರಿನಲ್ಲಿ ಕೂಡದು.

ಇನ್ನು ಸ್ಟಿರಾಯ್ಡ್. ಉರಿಯೂತ ಜೋರಾಗಿದ್ದಾಗ ಪ್ರೆಡ್ನಿಸೋಲೋನ್ ಕೊಟ್ಟರೆ ಎರಡೇ ದಿನದಲ್ಲಿ ಹಾಯ್ ಅನ್ನಿಸುತ್ತದೆ. ಆ ಸುಖವೇ ಜನರನ್ನು ಹಿಡಿದುಕೊಳ್ಳುತ್ತದೆ. ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡರೆ ಸ್ಟಿರಾಯ್ಡೇ ಮಾಂಸಖಂಡ ತಿನ್ನುತ್ತದೆ, ಅದರಲ್ಲೂ ತೊಡೆ, ಸೊಂಟ, ಭುಜದ್ದು. ಎಲುಬೂ ಟೊಳ್ಳಾಗುತ್ತದೆ. ಅದಕ್ಕೇ ಈಗಿನ ಡಾಕ್ಟರುಗಳು ಕಡಿಮೆ ಪ್ರಮಾಣ, ಕಡಿಮೆ ದಿನ ಅಂತ ನೋಡುತ್ತಾರೆ. ಹಾಗಂತ ಇದನ್ನು ಓದಿ ನಾಳೆಯೇ ಗುಳಿಗೆ ಬಿಸಾಕಬೇಡಿ. ಬಹಳ ದಿನ ತೆಗೆದುಕೊಂಡ ಸ್ಟಿರಾಯ್ಡ್ ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಆಸ್ಪತ್ರೆ ಸೇರಬೇಕಾದೀತು. ಹಂತಹಂತವಾಗಿ ಇಳಿಸುವುದು ಡಾಕ್ಟರ ಕೆಲಸ. ಸಂತೆಯಲ್ಲೋ, ಯಾರೋ ಹೇಳಿದ ಊರಿನಲ್ಲೋ ಸಿಗುವ ಹೆಸರಿಲ್ಲದ ಪುಡಿ, ಬಣ್ಣದ ಗುಳಿಗೆ "ಒಂದ ವಾರದಾಗ ಎದ್ದು ಓಡಾಡ್ತೀರಿ" ಅಂದರೆ ಅನುಮಾನ ಪಡಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖ ದುಂಡಗಾಗಿ, ಕಾಲು ಕಡ್ಡಿಯಾಗಿದ್ದರೆ ಆ ಪುಡಿಯ ಪೊಟ್ಟಣ ತೆಗೆದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ವಿಟಮಿನ್ ಡಿ ಮತ್ತು ಥೈರಾಯ್ಡ್ ಒಮ್ಮೆ ನೋಡಿಸಿ. ಎರಡೂ ಕಡಿಮೆಯಾದರೂ ತೊಡೆ ಸೋಲುತ್ತದೆ, ಎರಡಕ್ಕೂ ಮದ್ದು ಸುಲಭ. ನಲವತ್ತು ಡಿಗ್ರಿ ಬಿಸಿಲಿನ ವಿಜಯಪುರದಲ್ಲಿದ್ದು ವಿಟಮಿನ್ ಡಿ ಕಡಿಮೆ ಅಂದರೆ ನಗು ಬರುತ್ತದೆ, ಆದರೆ ದಿನವಿಡೀ ಒಳಗೇ ಇರುವವರಿಗೆ, ಮೈತುಂಬ ಸೆರಗು ಹೊದ್ದು ಹೊರಗೆ ಬರುವವರಿಗೆ ಆ ಬಿಸಿಲು ಎಲ್ಲಿ ತಾಗಬೇಕು?

ವ್ಯಾಯಾಮ: ನಡಿಗೆ ಸಾಕಾಗಲ್ಲ

"ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನುವವರು ಬಹಳ. ಹೋಗಿ, ಎದೆಗೆ ಒಳ್ಳೆಯದು, ಸಂಧಿವಾತದವರಿಗೆ ಹೃದಯದ ತೊಂದರೆ ಬೇರೆಯವರಿಗಿಂತ ಜಾಸ್ತಿ, ಹಾಗಾಗಿ ನಡಿಗೆ ಬಿಡಬೇಡಿ. ಆದರೆ ಕರಗಿದ ಮಾಂಸಖಂಡ ನಡಿಗೆಯಿಂದ ವಾಪಸ್ ಬರುವುದಿಲ್ಲ. ಅದಕ್ಕೆ ಭಾರ ಬೇಕು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರನ್ನು ನೋಡಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇವತ್ತು ಎತ್ತಿದ್ದಕ್ಕಿಂತ ಸ್ವಲ್ಪ ಜಾಸ್ತಿ ಮುಂದಿನ ವಾರ, ಇಷ್ಟೇ ಸೂತ್ರ. ಗರಡಿ ಮನೆಯ ಈ ಬುದ್ಧಿ ಅರವತ್ತರ ಅಜ್ಜಿಗೂ ನಡೆಯುತ್ತದೆ, ಕಲ್ಲಿನ ಬದಲು ಅರ್ಧ ಕೆಜಿ ಚೀಲ ಇರುತ್ತದೆ ಅಷ್ಟೇ.

ಸಂಧಿವಾತದವರು ಭಾರ ಎತ್ತಿದರೆ ಕೀಲು ಹಾಳಾಗುತ್ತದೆ ಅನ್ನುವ ಹೆದರಿಕೆ ಹಳೆಯದು. ವೇಲ್ಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳು 24 ವಾರ ಸಾಕಷ್ಟು ಭಾರದ ವ್ಯಾಯಾಮ ಮಾಡಿದರು. ಮಾಂಸಖಂಡ ಹೆಚ್ಚಿತು, ಮುಂಡದ ಕೊಬ್ಬು ಇಳಿಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 300 ಜನರನ್ನು ಎರಡು ವರ್ಷ ನೋಡಿದ ಇನ್ನೊಂದು ಅಧ್ಯಯನ 2003ರಲ್ಲಿ ಬಂತು. ಜೋರಾದ ವ್ಯಾಯಾಮ ಮಾಡಿದವರ ಓಡಾಟ ಸುಧಾರಿಸಿತು, ರೋಗ ಕೆರಳಲಿಲ್ಲ. ಆದರೆ ಮೊದಲೇ ಬಹಳ ಹಾಳಾದ ದೊಡ್ಡ ಕೀಲು ಇದ್ದವರು ಎಚ್ಚರವಾಗಿರಬೇಕು ಅನ್ನುವುದೂ ಅದರಲ್ಲೇ ತಿಳಿಯಿತು. ಭುಜ ಅಥವಾ ಮಂಡಿಯ ಎಕ್ಸ್‌ರೇಯಲ್ಲಿ ಹಾನಿ ಜಾಸ್ತಿ ಇದೆ ಅಂತ ಹೇಳಿದ್ದರೆ ಆ ಕೀಲಿನ ಮೇಲೆ ಭಾರ ಹಾಕುವ ಮುಂಚೆ ಫಿಸಿಯೋಥೆರಪಿಯವರನ್ನು ಒಮ್ಮೆ ಕಾಣಿ. ಬಿಪಿ, ಹೃದಯದ ತೊಂದರೆ ಇದ್ದವರೂ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಹೊತ್ತು ಆರಿಸುವುದೇ ಮೊದಲ ಕೆಲಸ. ಬೆಳಗಿನ ಬಿಗಿ ಬಿಡುವ ಮುಂಚೆ ಮಾಡಿದರೆ ಮೈ ಮಾತು ಕೇಳಲ್ಲ. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ ಬಿಗಿ ಬಿಡುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಆದ್ದರಿಂದ ಹೊತ್ತು ಮುಳುಗಿದ ಮೇಲೆ ಮಾಡಿ. ಬೆಳಗಾವಿಯ ಮಳೆಗಾಲ, ಚಳಿಗಾಲದಲ್ಲಿ ಹತ್ತು-ಹನ್ನೊಂದು ಗಂಟೆಗೆ, ಬಿಸಿನೀರು ಸ್ನಾನ ಆದ ಮೇಲೆ, ಒಳಗೇ ಮಾಡಿ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಟ್ಟು. ದಿನಾ ಬೇಡ, ಮಾಂಸಖಂಡ ಬೆಳೆಯುವುದು ಬಿಡುವು ಕೊಟ್ಟ ದಿನವೇ.

ಕುರ್ಚಿಯಿಂದಲೇ ಶುರು ಮಾಡಿ. ಎತ್ತರದ ಕುರ್ಚಿ, ಬೇಕಾದರೆ ಮೇಲೊಂದು ಗಟ್ಟಿ ದಿಂಬು. ಎದ್ದು ನಿಲ್ಲಿ, ಒಂದು, ಎರಡು, ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಇಳಿಯುವುದರಲ್ಲೇ ಲಾಭ ಜಾಸ್ತಿ. ಶುರುವಿನಲ್ಲಿ ಐದು ಸಲ ಸಾಕು. ಆರಾಮಾಗಿ 12 ಸಲ ಬರತೊಡಗಿದಾಗ ದಿಂಬು ತೆಗೆಯಿರಿ, ಆಮೇಲೆ ಎರಡು ಸುತ್ತು ಮಾಡಿ, ಅದೂ ಹಗುರಾದರೆ ಒಂದು ಕೆಜಿ ಜೋಳದ ಚೀಲ ಎದೆಗವಚಿಕೊಂಡು ಮಾಡಿ. ಕೊನೆಯ ಎರಡು-ಮೂರು ಸಲ ಕಷ್ಟ ಅನ್ನಿಸಲೇಬೇಕು. ಹಾಯಾಗಿ ಮುಗಿದರೆ ಅದು ಕೈಕಾಲು ಆಡಿಸಿದ್ದು, ವ್ಯಾಯಾಮ ಅಲ್ಲ.

ಮಂಡಿ ಊದಿದ್ದು ಏಳುವುದೇ ಆಗದಿದ್ದರೆ ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಟವೆಲನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಸೆಕೆಂಡ್ ಹಿಡಿಯಿರಿ. ತೊಡೆ ಮೇಲೆ ಕೈ ಇಟ್ಟು ನೋಡಿ, ಗಟ್ಟಿಯಾಗಬೇಕು. ಕೀಲು ಅಲ್ಲಾಡದೆ ಮಾಂಸಖಂಡ ಕೆಲಸ ಮಾಡುತ್ತದೆ, ಹೀಗಾಗಿ ನೋವಿನ ದಿನಗಳಲ್ಲೂ ಇದು ನಡೆಯುತ್ತದೆ.

ಉಳಿದವು ಬೇಗ ಹೇಳುತ್ತೇನೆ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯುವುದು, ಮೀನಖಂಡಕ್ಕೆ. ಒಂದೇ ಪಾವಟಿಗೆ ಹತ್ತಿ ಇಳಿಯುವುದು, ಗೋಡೆ ಹಿಡಿದು, ಒಂದೊಂದು ಕಾಲಿಗೂ. ಗೋಡೆಗೆ ಕೈ ಊರಿ ಮೈಯನ್ನು ಗೋಡೆಯತ್ತ ಬಾಗಿಸಿ ಹಿಂದೆ ತಳ್ಳುವುದು, ಎದೆ-ತೋಳಿಗೆ. ಮಣಿಕಟ್ಟು ಹಿಂದಕ್ಕೆ ಮಡಚಲು ಬರದವರು ಅಂಗೈ ಬದಲು ಮುಂಗೈಯನ್ನು ಪೂರ್ತಿ ಗೋಡೆಗೆ ಒರಗಿಸಿ ಮಾಡಿ.

ತೋಳಿಗೆ ಡಂಬೆಲ್ ಬೇಡ. ಬೆರಳು ಊದಿದವರಿಗೆ ಹಿಡಿಯುವುದೇ ನೋವು, ತೋಳು ದಣಿಯುವ ಮುಂಚೆ ಬೆರಳು ಸೋಲುತ್ತದೆ. ಹಿಡಿಕೆ ಇರುವ ಬಟ್ಟೆ ಚೀಲದಲ್ಲಿ ಅರ್ಧ ಕೆಜಿ ಜೋಳ ಅಥವಾ ಉಸುಕು ಹಾಕಿ, ಹಿಡಿಕೆಯನ್ನು ಮುಂಗೈ ಮೇಲೆ, ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಕ್ಕೆ ನೇತುಹಾಕಿಕೊಂಡು ಮೊಣಕೈ ಮಡಚಿ ಬಿಡಿಸಿ. ಬೆರಳಿಗೆ ಕೆಲಸವೇ ಇಲ್ಲ. ಹಿಡಿಕೆ ಕೊರೆದರೆ ಕೆಳಗೆ ಟವೆಲ್ ಸುತ್ತಿ. ನಮ್ಮ ದೊಡ್ಡವ್ವ ಇದಕ್ಕೆ ಹಳೇ ಸೀರೆಯ ಸೆರಗು ಹೊಲಿದು ಚೀಲ ಮಾಡಿಕೊಂಡಿದ್ದಾಳೆ. ಅವಳ ಪ್ರಕಾರ ಅಂಗಡಿ ಚೀಲಕ್ಕೆ ತಾಕತ್ತಿಲ್ಲ.

ಕೈಗೆ ಪ್ರತ್ಯೇಕ ವ್ಯಾಯಾಮ ಬೇಕೇ ಬೇಕು, ಯಾಕೆಂದರೆ ರೊಟ್ಟಿ ಬಡಿಯುವುದು, ಕುಕ್ಕರ್ ತೆಗೆಯುವುದು, ಅಂಗಿ-ಕುಪ್ಪಸದ ಗುಬ್ಬಿ (ಗುಂಡಿ) ಹಾಕುವುದು ಎಲ್ಲ ಇಲ್ಲೇ ಇದೆ. ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟು, ನೆನೆದ ಸ್ಪಂಜನ್ನು ಮೆಲ್ಲಗೆ ಹಿಂಡಿ ಬಿಡಿ. ಮೇಜಿನ ಮೇಲೆ ಅಂಗೈ ಚಪ್ಪಟೆ ಇಟ್ಟು ಒಂದೊಂದೇ ಬೆರಳು ಎತ್ತಿ. ಬೆರಳು ಅಗಲಿಸಿ, ಕೂಡಿಸಿ. ಬ್ರಿಟನ್ನಿನಲ್ಲಿ ಸಂಧಿವಾತದ 490 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಇಂಥ ಕೈ ವ್ಯಾಯಾಮವನ್ನು ಕ್ರಮವಾಗಿ ಹೆಚ್ಚಿಸಿದವರ ಕೈಗೆಲಸ ಸುಧಾರಿಸಿದ್ದನ್ನು ತೋರಿಸಿತು. ಅಂಗಡಿಯಲ್ಲಿ ಸಿಗುವ ಗಟ್ಟಿ ರಬ್ಬರ್ ಚೆಂಡು, ಸ್ಪ್ರಿಂಗ್ ಹಿಡಿಕೆ ತಂದುಕೊಟ್ಟು "ದಿನಾ ನೂರು ಸಲ ಒತ್ತವ್ವಾ" ಅನ್ನುವ ಮಕ್ಕಳಿದ್ದಾರೆ. ಬೆರಳು ಆಗಲೇ ಪಕ್ಕಕ್ಕೆ ವಾಲಿದ್ದರೆ ಅದು ಇನ್ನೂ ವಾಲಿಸೀತು. ಬೇಡ.

ಎಷ್ಟು ನೋವು ಸರಿ ಅಂತ ಕೇಳುತ್ತೀರಿ. ಮಾರನೇ ದಿನ ತೊಡೆ ಹಿಡಿದ ಹಾಗೆ, ಜಡ್ಡುಗಟ್ಟಿದ ಹಾಗೆ ಅನ್ನಿಸಿದರೆ ಅದು ಮಾಂಸಖಂಡದ್ದು, ಇರಲಿ, ಎರಡು ದಿನದಲ್ಲಿ ಹೋಗುತ್ತದೆ. ವ್ಯಾಯಾಮ ಮುಗಿದು ಎರಡು ತಾಸಾದ ಮೇಲೂ ಕೀಲಿನ ನೋವು ಮೊದಲಿಗಿಂತ ಜಾಸ್ತಿ ಇದ್ದರೆ, ಅಥವಾ ಮಾರನೇ ಬೆಳಿಗ್ಗೆ ಕೀಲು ಊದಿದ್ದರೆ ಮಾಡಿದ್ದು ಜಾಸ್ತಿ ಆಯ್ತು. ಮುಂದಿನ ಸಲ ಅರ್ಧಕ್ಕೆ ಇಳಿಸಿ. ಕೀಲು ಕೆಂಪಾಗಿ, ಬಿಸಿಯಾಗಿ, ಉಬ್ಬಿರುವ ದಿನಗಳಲ್ಲಿ ಆ ಕೀಲಿಗೆ ಭಾರ ಬೇಡವೇ ಬೇಡ. ಟವೆಲ್ ಒತ್ತುವುದು, ಮೆಲ್ಲಗೆ ಮಡಚಿ ಬಿಡಿಸುವುದು ಮಾತ್ರ. ಪೂರ್ತಿ ಮಲಗಿಬಿಡಬೇಡಿ.

ಕುತ್ತಿಗೆ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಬಹಳ ವರ್ಷದ ಸಂಧಿವಾತ ಕುತ್ತಿಗೆಯ ಮೇಲಿನ ಎರಡು ಎಲುಬಿನ ಕೀಲನ್ನೂ ಸಡಿಲ ಮಾಡಬಹುದು, ಅಲ್ಲಿ ಹಿಂದೆಯೇ ಬೆನ್ನುಹುರಿ ಇದೆ. ತಲೆ ಮೇಲೆ ಕೊಡ, ಹುಲ್ಲಿನ ಹೊರೆ ಹೊರಬೇಡಿ. ಶೀರ್ಷಾಸನ, ಕುತ್ತಿಗೆ ಗರಗರ ತಿರುಗಿಸುವುದು ಬೇಡ. ಕ್ಷೌರದಂಗಡಿಯಲ್ಲಿ ಮಸಾಜ್ ಮಾಡಿ ಕುತ್ತಿಗೆಯನ್ನು ಲಟಕ್ ಅನ್ನಿಸುತ್ತಾರಲ್ಲ, ಸಂಧಿವಾತದ ಗಂಡಸರು ಅದಕ್ಕೆ ಕುತ್ತಿಗೆ ಕೊಡಲೇಬೇಡಿ. ಕುತ್ತಿಗೆ ನೋವಿನ ಜೊತೆ ಕೈಕಾಲು ಜುಮುಗುಟ್ಟಿದರೆ, ನಡಿಗೆ ತಡವರಿಸಿದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.

ಊಟ: ರೊಟ್ಟಿ ಇದೆ, ಕಾಳು ಎಲ್ಲಿ?

ಆರೋಗ್ಯವಂತರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಅಂತ ನಮ್ಮ ದೇಶದ ಲೆಕ್ಕ. ದೀರ್ಘ ಕಾಯಿಲೆ ಇರುವ ಹಿರಿಯರಿಗೆ ತಜ್ಞರು 1.2ರಿಂದ 1.5 ಗ್ರಾಂ ಹೇಳುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಅಲ್ಲ, ಅವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

1.2ರ ಲೆಕ್ಕ ಹಿಡಿದರೂ 55 ಕೆಜಿ ಇರುವ ಹೆಣ್ಣುಮಗಳಿಗೆ ದಿನಕ್ಕೆ 66 ಗ್ರಾಂ ಆಯ್ತು. ನಮ್ಮ ಕಡೆಯ ತಾಟು ನೋಡೋಣ. ಜೋಳದ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 10 ಗ್ರಾಂ ಪ್ರೋಟೀನ್, ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 5 ಗ್ರಾಂ. ನಾಲ್ಕು ರೊಟ್ಟಿಗೆ 20. ಜೊತೆಗೆ ಬದನೆಕಾಯಿ ಎಣಗಾಯಿ, ತೆಳ್ಳನೆ ಸಾರು, ಅನ್ನ, ಒಂದು ಲೋಟ ತೆಳು ಮಜ್ಜಿಗೆ. ಹೊಟ್ಟೆ ತುಂಬಿತು, ಲೆಕ್ಕ ತುಂಬಲಿಲ್ಲ. ನಲವತ್ತು ದಾಟುವುದೂ ಕಷ್ಟ.

ತುಂಬಿಸುವುದು ಕಷ್ಟವಲ್ಲ, ಎಲ್ಲ ಮನೆಯಲ್ಲೇ ಇದೆ. ಮಡಿಕೆ ಕಾಳೋ ಹೆಸರು ಕಾಳೋ ಹುರಳಿಯೋ 40 ಗ್ರಾಂ ಮೊಳಕೆ ಕಟ್ಟಿ ಪಲ್ಯ ಮಾಡಿದರೆ 8-9 ಗ್ರಾಂ. ಕಡಲೆ ಹಿಟ್ಟಿನ ಜುಣಕವೂ ಹೆಚ್ಚುಕಡಿಮೆ ಅಷ್ಟೇ. ಒಂದು ಮುಷ್ಟಿ ಹುರಿದ ಶೇಂಗಾ 7 ಗ್ರಾಂ. ಒಂದು ಲೋಟ ಹಾಲು 6. ಒಂದು ಬಟ್ಟಲು ಗಟ್ಟಿ ಮೊಸರು 5. ಸಾರಿನ ಬದಲು 30 ಗ್ರಾಂ ಬೇಳೆ ಹಾಕಿದ ಗಟ್ಟಿ ಬೇಳೆ 6. ತತ್ತಿ ತಿನ್ನುವವರು ಎರಡು ತಿಂದರೆ 12. ತಿನ್ನದವರು 25 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಪಲ್ಯಕ್ಕೆ ಹಾಕಿದರೆ ಅದೂ ಅಷ್ಟೇ. ಇವನ್ನೆಲ್ಲ ರಾತ್ರಿ ಒಂದೇ ಹೊತ್ತಿಗೆ ತುಂಬಬೇಡಿ, ಮೂರೂ ಹೊತ್ತಿಗೆ ಹಂಚಿ. ಮುಂಜಾನೆ ಬರೀ ಚಹಾ-ಚುರುಮುರಿಯಲ್ಲಿ ಮುಗಿಸುವವರು ಮೊದಲು ಅಲ್ಲೇ ಕೈ ಹಾಕಿ.

ಶೇಂಗಾ ಚಟ್ನಿ ಒಳ್ಳೆಯದೇ, ಆದರೆ ಒಂದು ಚಮಚ ಚಟ್ನಿ ಪುಡಿಯನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ. ಅಮೀನಗಡದ, ಗೋಕಾಕಿನ ಕರದಂಟು "ಶಕ್ತಿಗೆ" ಅಂತ ತರುವವರೂ ಇದ್ದಾರೆ. ಬಾಣಂತಿಯರಿಗೆ ಕೊಡುವ ರೂಢಿಯಿಂದ ಬಂದ ನಂಬಿಕೆ ಇರಬೇಕು. ತಿನ್ನಿ, ನನಗೂ ಇಷ್ಟ, ಆದರೆ ಅದರಲ್ಲಿ ಬೆಲ್ಲದ ಪಾಲೂ ದೊಡ್ಡದು, ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ಏರುವ ಭಯ ಮೊದಲೇ ಇರುತ್ತದೆ. ಉಪವಾಸದ ಬಗ್ಗೆ ಜಗಳ ಆಡಲ್ಲ. ಶ್ರಾವಣ ಸೋಮವಾರ ಬಿಡಿ ಅಂದರೆ ಯಾವ ಅವ್ವನೂ ಕೇಳಲ್ಲ. ಸಾಬೂದಾನಿಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು, ಆದ್ದರಿಂದ ಖಿಚಡಿಗೆ ಶೇಂಗಾ ಜಾಸ್ತಿ ಸುರಿಯಿರಿ, ಮೇಲೆ ಹಾಲು-ಮೊಸರು ಇರಲಿ. ಮೆಥೋಟ್ರೆಕ್ಸೇಟ್ ತೆಗೆದುಕೊಂಡ ಮಾರನೇ ದಿನ ಹಲವರಿಗೆ ಹೊಟ್ಟೆ ತೊಳಸಿ ಊಟ ಸೇರುವುದಿಲ್ಲ. ಗುಳಿಗೆಯ ದಿನ ಮತ್ತು ಉಪವಾಸದ ದಿನ ಒಂದರ ಹಿಂದೆ ಒಂದು ಬರುತ್ತಿದ್ದರೆ ಗುಳಿಗೆಯ ದಿನ ಬದಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ನೀವೇ ಬದಲಿಸಬೇಡಿ.

ಡಾಕ್ಟರ ಮುಂದೆ ಏನು ಹೇಳಬೇಕು

ಐದು ನಿಮಿಷ ಸಿಗುತ್ತದೆ, ಅದರಲ್ಲಿ "ಭಾಳ ಸುಸ್ತ್ರೀ ಸಾಹೇಬ್ರ" ಅಂದರೆ ಒಂದು ಟಾನಿಕ್ ಬರೆದು ಕಳಿಸುತ್ತಾರೆ. ಬದಲಿಗೆ, "ಜನವರಿಯಲ್ಲಿ ಐದು ಸಲ ಏಳಲು 13 ಸೆಕೆಂಡ್ ಹಿಡಿಯುತ್ತಿತ್ತು, ಈಗ 18 ಹಿಡಿಯುತ್ತದೆ, ಬಸ್ಸಿನ ಮೆಟ್ಟಿಲು ಹತ್ತಲು ಬರುತ್ತಿಲ್ಲ" ಅನ್ನಿ. ಆಗ ಮಾತು ಬೇರೆ ಕಡೆ ತಿರುಗುತ್ತದೆ. ಔಷಧ ಸಾಲುತ್ತಿಲ್ಲವೋ, ಸ್ಟಿರಾಯ್ಡ್ ಜಾಸ್ತಿ ಆಯ್ತೋ, ಕೊಲೆಸ್ಟ್ರಾಲ್ ಗುಳಿಗೆಯಿಂದ ಮಾಂಸಖಂಡಕ್ಕೇನಾದರೂ ತೊಂದರೆ ಆಗಿದೆಯೋ ಅಂತ ಅವರು ನೋಡಬೇಕಾಗುತ್ತದೆ. ಫಿಸಿಯೋಥೆರಪಿಗೆ ಚೀಟಿ ಬರೆದುಕೊಡಿ ಅಂತ ನೀವಾಗಿಯೇ ಕೇಳಿ. ಒಂದೆರಡು ಸಲ ಅಲ್ಲಿ ಕಲಿತು ಬಂದು ಉಳಿದದ್ದು ಮನೆಯಲ್ಲಿ ಮಾಡಿದರೆ ದಿನಾ ಊರಿಂದ ಓಡಾಡುವ ಖರ್ಚೂ ಉಳಿಯುತ್ತದೆ. ಒಂದೇ ಕಾಲು ಅಥವಾ ಒಂದೇ ಕೈ ತಟ್ಟನೆ ಸೋತರೆ, ಬೇಕಂತ ಮಾಡದೆ ತೂಕ ಸರಸರ ಇಳಿದರೆ, ಜ್ವರ ಬಿಡದಿದ್ದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಫಲ ಕಾಣಲು ಎರಡು-ಮೂರು ತಿಂಗಳು ಬೇಕು. ಮೊದಲು ಬಲ ಬರುತ್ತದೆ, ತೋಳು ತುಂಬುವುದು ಆಮೇಲೆ, ಹಾಗಾಗಿ ಕನ್ನಡಿ ನೋಡಿ ಬೇಸರ ಮಾಡಿಕೊಳ್ಳಬೇಡಿ, ಕ್ಯಾಲೆಂಡರಿನ ಸೆಕೆಂಡ್ ನೋಡಿ. ನಡುವೆ ಮದುವೆ ಸೀಸನ್ ಬರುತ್ತದೆ, ಜಾತ್ರೆ ಬರುತ್ತದೆ, ರೋಗ ಕೆರಳಿ ಹದಿನೈದು ದಿನ ಮಲಗುವುದೂ ಇದೆ. ಬಿಟ್ಟ ಮೇಲೆ ಮತ್ತೆ ಶುರು ಮಾಡುವಾಗ ಬಿಟ್ಟ ಜಾಗದಿಂದ ಬೇಡ. ಚೀಲದ ತೂಕ ಅರ್ಧ ಮಾಡಿ, ಕುರ್ಚಿ ಮೇಲೆ ದಿಂಬು ವಾಪಸ್ ಇಡಿ, ಒಂದು ವಾರ ಹಾಗೆ ಮಾಡಿ ಆಮೇಲೆ ಏರಿಸಿ.